ಕಾಂಗ್ರೆಸ್ ಗಿಡದ ತುರಿಕೆ: ಚರ್ಮವೈದ್ಯರು ಕಂಡುಕೊಂಡದ್ದೇನು?



ಒಂದೆರಡು ಮಳೆ ಬಿದ್ದರೆ ಸಾಕು, ಹಾಸನೂರಿನಿಂದ ತಾಳವಾಡಿಯವರೆಗೆ ರಸ್ತೆಬದಿಯಲ್ಲೂ ಹೊಲದ ಬದುವಿನಲ್ಲೂ ಪಾರ್ಥೇನಿಯಂ ಎದ್ದು ನಿಲ್ಲುತ್ತದೆ. ಕಾಂಗ್ರೆಸ್ ಗಿಡವೆಂದರೆ ಮಕ್ಕಳಿಗೂ ಗೊತ್ತು. ಆದರೆ ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಏಳುವ ತುರಿಕೆಗೂ ಈ ಗಿಡಕ್ಕೂ ಇರುವ ನಂಟು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬಿಸಿಲಿನ ದೋಷವೆಂದು ಕೆಲವರು, ರಕ್ತ ಕೆಟ್ಟಿದೆಯೆಂದು ಕೆಲವರು ವರ್ಷಗಟ್ಟಲೆ ಎಣ್ಣೆ ಹಚ್ಚುತ್ತಾರೆ. ಮುಖದ ಚರ್ಮ ಕಪ್ಪಾಗಿ ದಪ್ಪಗಟ್ಟಿದಾಗ ಕುಷ್ಠವೇನೋ ಎಂದು ನೆರೆಯವರು ದೂರ ಸರಿಯುವುದೂ ಉಂಟು. ಆದ್ದರಿಂದ ಈ ತಿಂಗಳು ಇದರ ವಿಷಯ ಬರೆಯುತ್ತಿದ್ದೇವೆ.

ಮೆಕ್ಸಿಕೋ ಕಡೆಯ ಈ ಕಳೆ ನಮ್ಮ ದೇಶದಲ್ಲಿ ಹಬ್ಬಲು ತೊಡಗಿದ್ದು 1950ರ ದಶಕದಲ್ಲಿ, ಪುಣೆಯ ಸುತ್ತಮುತ್ತ. ಅಮೆರಿಕದ ಗೋಧಿಯ ಜೊತೆ ಬೀಜ ಬಂದಿತೆಂದು ಹೇಳುತ್ತಾರೆ. ರೋಗಿಗಳು ಹೆಚ್ಚಿದ್ದೂ ಅಲ್ಲೇ. ಪುಣೆಯ ಚರ್ಮವೈದ್ಯ ಡಾ. ಲೋಣ್ಕರ್ ಇದನ್ನು ಒಬ್ಬರೇ ಕುಳಿತು ಬಿಡಿಸಲಿಲ್ಲ. ಕೆನಡಾದ ಡಾ. ಮಿಚೆಲ್ ಮತ್ತು ಲಂಡನ್ನಿನ ಡಾ. ಕಾಲ್ನನ್ ಅವರೊಡನೆ ಸೇರಿ 1974ರಲ್ಲಿ ಲೇಖನ ಪ್ರಕಟಿಸಿದರು. ಕೆನಡಾದವರಿಗೆ ನಮ್ಮ ಕಳೆಯಲ್ಲೇನು ಆಸಕ್ತಿ ಎನ್ನಬಹುದು. ಅಲ್ಲಿನ ಕಾಡಿನಲ್ಲಿ ಮರ ಕಡಿಯುವವರಿಗೆ ಇಂಥದೇ ತುರಿಕೆ ಬರುತ್ತಿತ್ತು. ಮರದ ತೊಗಟೆಯ ಮೇಲೆ ಬೆಳೆಯುವ ಪಾಚಿಯಂಥ ಸಸ್ಯವೇ ಅದಕ್ಕೆ ಕಾರಣವೆಂದು ಮಿಚೆಲ್ ಮೊದಲೇ ತೋರಿಸಿದ್ದರು. ಎರಡು ಗಿಡಗಳಲ್ಲೂ ಇರುವುದು ಒಂದೇ ಜಾತಿಯ ರಾಸಾಯನಿಕ. ನಮ್ಮ ಗಿಡದಲ್ಲಿರುವುದಕ್ಕೆ ಪಾರ್ಥೆನಿನ್ ಎಂದು ಹೆಸರು.

1977ರಲ್ಲಿ ಮಿಚೆಲ್ ಅವರೂ ಸಸ್ಯರಸಾಯನ ತಜ್ಞ ಟವರ್ಸ್ ಅವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತಿತರರೊಡನೆ ಸೇರಿ ಈ ಕಳೆಯ ಬಗ್ಗೆ ದೊಡ್ಡ ಲೇಖನವೊಂದನ್ನು ಬರೆದರು. ವೈದ್ಯರು, ರಸಾಯನ ತಜ್ಞರು, ಕೀಟ ತಜ್ಞರು ಒಂದೇ ಕಳೆಯನ್ನು ಹೀಗೆ ಕೂಡಿ ನೋಡಿದ್ದು ನಮಗಂತೂ ಮೆಚ್ಚುಗೆಯಾಯಿತು.

ಈ ತುರಿಕೆ ಬರುವ ಬಗೆ ಹೀಗೆ. ಗಿಡ ಮುಟ್ಟಿದ ಮೊದಲ ದಿನವೇ ಏನೂ ಆಗದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಒಡನಾಟವಾದ ಮೇಲೆ ದೇಹ ಆ ವಸ್ತುವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಮುಟ್ಟಿದಾಗಲೆಲ್ಲ ಒಂದೆರಡು ದಿನ ಬಿಟ್ಟು ಚರ್ಮ ಕೆರಳುತ್ತದೆ. ಹೀಗೆ ತಡವಾಗಿ ಬರುವುದರಿಂದಲೇ ಕಳ್ಳ ಸಿಕ್ಕುವುದಿಲ್ಲ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿ ಬಂದು ಮುಖಕ್ಕೆ ತಾಗಿದರೂ ಸಾಕು, ಕೈಯಿಂದ ಮುಟ್ಟಬೇಕೆಂದಿಲ್ಲ. ಸೇವಂತಿಗೆ, ಸೂರ್ಯಕಾಂತಿ ಕೂಡ ಅದೇ ಕುಟುಂಬದವು. ಕೆಲವು ರೋಗಿಗಳಿಗೆ ಅವೂ ಆಗುವುದಿಲ್ಲ.

ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತದೆ, ಇಲ್ಲಿ ಸಹಿಸಲಾಗದ ತುರಿಕೆ. ಅನುಮಾನವಿದ್ದರೆ ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ಪರೀಕ್ಷಿಸುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳುವಾಗುತ್ತದೆ. ತೀವ್ರವಾದವರಿಗೆ ಅಜಾಥಯೋಪ್ರಿನ್ ಎಂಬ ಮಾತ್ರೆಯನ್ನು ರಕ್ತಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ದೆಹಲಿಯ ಏಮ್ಸ್ ವೈದ್ಯರು ಇದರ ಮೇಲೆ ಅಧ್ಯಯನ ನಡೆಸಿದ್ದಾರೆ.

ಗಿಡದ ಮಾತಿಗೆ ಬಂದರೆ, ಮೆಕ್ಸಿಕೋದಿಂದ ತಂದ ಎಲೆ ತಿನ್ನುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಅದು ಚೆನ್ನಾಗಿ ಮೇಯುತ್ತದೆ. ಆದರೂ ಅದನ್ನೇ ನಂಬಿ ಕೂರುವಂತಿಲ್ಲ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ, ಹೂ ಬರುವ ಮೊದಲೇ ನೆಲ ಹಸಿ ಇರುವಾಗ ಬೇರು ಸಮೇತ ಕೀಳಬೇಕು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆದುಕೊಂಡು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮನೆಯಲ್ಲಿ ಈಗಾಗಲೇ ತುರಿಕೆ ಇರುವವರನ್ನು ಮಾತ್ರ ಈ ಕೆಲಸಕ್ಕೆ ಕಳಿಸಬೇಡಿ. ಆಸ್ಪತ್ರೆಗೆ ಹೋದಾಗ ಹೊಲದಲ್ಲಿ ಯಾವ ಗಿಡ ಕಿತ್ತಿರಿ, ಎಷ್ಟು ದಿನವಾಯಿತು ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.