ನಾ. ಡಿಸೋಜ: ಕಚೇರಿ, ಇಗರ್ಜಿ ಮತ್ತು ಕಾದಂಬರಿ

ಕನ್ನಡ ಕಾದಂಬರಿಯನ್ನು ಕುರಿತ ವಿಮರ್ಶೆಯಲ್ಲಿ ನಾ. ಡಿಸೋಜ (1937–2025) ಅವರ ಹೆಸರು ಸಾಮಾನ್ಯವಾಗಿ ಎರಡು ಬೇರೆ ಬೇರೆ ಕಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪರಿಸರ ಮತ್ತು ಅಭಿವೃದ್ಧಿಯ ಚರ್ಚೆ ಬಂದಾಗ ‘ಮುಳುಗಡೆ’, ‘ದ್ವೀಪ’, ‘ಒಡ್ಡು’ ಕೃತಿಗಳ ಕರ್ತೃವಾಗಿ. ಅಲ್ಪಸಂಖ್ಯಾತ ಸಮುದಾಯಗಳ ಬದುಕಿನ ಚಿತ್ರಣದ ಮಾತು ಬಂದಾಗ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯ ಕರ್ತೃವಾಗಿ. ಈ ವಿಂಗಡಣೆ ಗ್ರಂಥಾಲಯದ ಕಪಾಟಿಗೆ ಅನುಕೂಲವಾದುದೇ ಹೊರತು ಲೇಖಕನ ಬದುಕಿಗೆ ಒಪ್ಪುವಂಥದಲ್ಲ. ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಮನೆಯಲ್ಲಿ ಕೊಂಕಣಿಯನ್ನು, ಕಚೇರಿಯಲ್ಲಿ ಕಡತದ ಭಾಷೆಯನ್ನು, ಕಚೇರಿಯ ಹೊರಗೆ ಮಲೆನಾಡಿನ ಕನ್ನಡವನ್ನು ಕೇಳಿ, ಆ ಮೂರರಿಂದಲೂ ಕಾದಂಬರಿಯನ್ನು ಕಟ್ಟಿದ್ದಾನೆ. ಈ ದಿನಬದುಕನ್ನು ಬಿಟ್ಟು ಅವರ ಬರವಣಿಗೆಯ ಕ್ರಮವನ್ನು ವಿವರಿಸುವುದು ಕಷ್ಟ.

ನಾರ್ಬರ್ಟ್ ಡಿಸೋಜ ಅವರು ಹುಟ್ಟಿದ್ದು 1937ರ ಜೂನ್ 6ರಂದು, ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ತಂದೆ ಶಾಲಾ ಮಾಸ್ತರರು. ಮಕ್ಕಳಿಗೆ ಹೇಳಿಕೊಡಲೆಂದು ಅವರು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದ ಶಿಶುಗೀತೆಗಳು ಒಂದು ಕಡೆ, ತಾಯಿಗೆ ಬಾಯಿಪಾಠವಾಗಿದ್ದ ಜನಪದ ಹಾಡು-ಕತೆಗಳು ಇನ್ನೊಂದು ಕಡೆ. ಬರಹ ಮತ್ತು ಮೌಖಿಕ ಎಂಬ ಎರಡು ಪರಂಪರೆಗಳು ಹೀಗೆ ಒಂದೇ ಸೂರಿನಡಿ ಅವರಿಗೆ ದೊರೆತವು. ಮುಂದೆ ಅವರು ಮಕ್ಕಳಿಗಾಗಿ ವಿಪುಲವಾಗಿ ಬರೆದುದಕ್ಕೂ, ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದುದಕ್ಕೂ ಈ ಮನೆಯೇ ಮೂಲವೆನ್ನಬೇಕು. ದೊಡ್ಡವರಿಗಾಗಿ ಬರೆದ ಕಾದಂಬರಿಗಳಲ್ಲಿಯೂ ಕತೆ ಹೇಳುವವನ ಧ್ವನಿ ಮಾಸ್ತರರ ಮನೆಯದೇ. ವಾಕ್ಯಗಳು ಚಿಕ್ಕವು. ಘಟನೆ ಮೊದಲು, ವ್ಯಾಖ್ಯಾನ ಆಮೇಲೆ. ಅನೇಕ ಕಡೆ ವ್ಯಾಖ್ಯಾನವೇ ಇಲ್ಲ.

ಅವರು ಬದುಕಿದ್ದ ಸಮುದಾಯವನ್ನು ಕುರಿತು ಇಲ್ಲಿ ಸ್ವಲ್ಪ ಹೇಳಬೇಕು. ಕೊಂಕಣಿ ಮಾತಾಡುವ ಕ್ಯಾಥೊಲಿಕರು ಗೋವೆಯಿಂದ ಕನ್ನಡ ಕರಾವಳಿಗೆ ಹಲವು ಅಲೆಗಳಲ್ಲಿ ಬಂದವರು. ಆ ಕರಾವಳಿಯನ್ನು ಆಳಿದ ನಾಯಕರ ಮೊದಲ ರಾಜಧಾನಿಗಳಾದ ಕೆಳದಿ ಮತ್ತು ಇಕ್ಕೇರಿ ಸಾಗರದ ಮಗ್ಗುಲಿನಲ್ಲಿಯೇ ಇವೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟು, 1799ರ ನಂತರ ಉಳಿದವರು ಮರಳಿ ನೆಲೆಗೊಂಡ ನೆನಪು ಈ ಸಮುದಾಯದಲ್ಲಿ ಇನ್ನೂ ಜೀವಂತವಾಗಿದೆ. ಆನಂತರ ಉದ್ಯೋಗವನ್ನು ಅರಸಿ ಘಟ್ಟ ಹತ್ತಿದ ಕುಟುಂಬಗಳು ಮಲೆನಾಡಿನ ಊರುಗಳಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ನಿಂತವು. ಸಂಜೆಯ ತೇರ್ಸ್ ಪ್ರಾರ್ಥನೆ, ಅದು ಮುಗಿದ ಮೇಲೆ ಕಿರಿಯರು ಹಿರಿಯರಲ್ಲಿ ಕೇಳುವ ಬೆಸಾಂವ್, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ ಹೊಸ ತೆನೆಯ ಪೂಜೆ, ಮದುವೆಯ ಮುನ್ನಾದಿನ ತೆಂಗಿನ ಹಾಲು ಸವರುವ ರೋಸ್ ಶಾಸ್ತ್ರ, ಆಗ ಹೆಂಗಸರು ಹಾಡುವ ವೊವಿಯೊ ಹಾಡುಗಳು: ಇವೆಲ್ಲ ಹೊತ್ತೊಯ್ಯಬಹುದಾದ ಆಚರಣೆಗಳು. ಹತ್ತು ಮನೆಗಳು ಸೇರಿದ ಕಡೆ ಒಂದು ಇಗರ್ಜಿ ಎದ್ದರೆ ಅಲ್ಲಿ ಊರು ಆಯಿತು. ‘ಇಗರ್ಜಿ’ ಎಂಬ ಮಾತೇ ಪೋರ್ಚುಗೀಸಿನಿಂದ ಕೊಂಕಣಿಗೆ, ಅಲ್ಲಿಂದ ಕನ್ನಡಕ್ಕೆ ಹೀಗೆ ನಡೆದು ಬಂದದ್ದು.

ಮಲೆನಾಡಿನ ದೈವಗಳ ಸಂಗತಿ ಇದಕ್ಕೆ ತೀರ ವಿರುದ್ಧವಾದುದು. ಚೌಡಿ ಒಂದು ನಿರ್ದಿಷ್ಟ ಮರದ ಬುಡದಲ್ಲಿ ಇರುತ್ತಾಳೆ. ನಾಗನಿಗೆ ಅವನದೇ ಬನ. ದೀವರು ಭೂಮಿ ಹುಣ್ಣಿಮೆಯ ದಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆಯನ್ನು ಹೊತ್ತು ಹೋಗುವುದು ತಮ್ಮ ಗದ್ದೆಗೆ, ಪೈರು ಬಸಿರಾಗಿ ನಿಂತಿರುವ ಆ ಗದ್ದೆಗೇ. ದೀಪಾವಳಿಯ ಅಂಟಿಗೆ ಪಂಟಿಗೆಯವರು ದೀಪವನ್ನು ಆರಗೊಡದೆ ಮನೆಯಿಂದ ಮನೆಗೆ ಒಯ್ಯುವುದಕ್ಕೆ ಆ ಮನೆಗಳು ಕತ್ತಲೆಯಲ್ಲಿ ನಡೆದು ತಲುಪುವಷ್ಟು ದೂರದಲ್ಲಿ ಇರಬೇಕು. ಇಂಥ ಆಚರಣೆಗಳು ನೆಲದಿಂದ ಬಿಡಿಸಿ ಬೇರೆ ಕಡೆಗೆ ಸಾಗಿಸಲು ಬರುವಂಥವಲ್ಲ. ತನ್ನ ಸಂತರನ್ನು ಹೊತ್ತುಕೊಂಡು ಬಂದ ಸಮುದಾಯದ ಒಬ್ಬ ಲೇಖಕ, ತಮ್ಮ ದೈವಗಳನ್ನು ಹೊತ್ತುಕೊಂಡು ಹೋಗಲಾರದ ಸಮುದಾಯಗಳ ಕತೆಗೆ ಕಿವಿಗೊಟ್ಟ. ಡಿಸೋಜ ಅವರ ಕಾದಂಬರಿಗಳ ಎರಡು ‘ಕಪಾಟು’ಗಳನ್ನು ಕೂಡಿಸುವ ಎಳೆ ಇರುವುದು ಇಲ್ಲಿ.

ಆ ಕಿವಿ ಎಲ್ಲಿ ಕುಳಿತಿತ್ತು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಬೆರಳಚ್ಚು ಮತ್ತು ಶೀಘ್ರಲಿಪಿ ಕಲಿತ ಡಿಸೋಜ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಬೆರಳಚ್ಚುಗಾರರಾಗಿ ಸೇರಿದರು. ಶರಾವತಿ ಯೋಜನೆಯ ಕಚೇರಿಗಳಲ್ಲಿ, ಕಾರ್ಗಲ್, ಲಿಂಗನಮಕ್ಕಿ, ಜೋಗ, ಮಾಣಿ ಮೊದಲಾದ ಕಡೆಗಳಲ್ಲಿ ಕೆಲಸ ಮಾಡಿದರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸಂಗ್ರಹ 151 ಟಿಎಂಸಿ ಅಡಿಗೂ ಮಿಕ್ಕಿದ್ದು. ಮುಳುಗಿದ ಪ್ರದೇಶ ಸುಮಾರು 300 ಚದರ ಕಿಲೋಮೀಟರ್. ಅದಕ್ಕೆ ಮುಂಚೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹಳೆಯ ಮುಳುಗಡೆಯನ್ನು ಹೊಸ ಮುಳುಗಡೆ ನುಂಗಿದ ಈ ಸಂಗತಿ ಯಾವ ಕಾದಂಬರಿಕಾರನೂ ಕಲ್ಪಿಸಲು ಹಿಂಜರಿಯುವಂಥದು. ಶರಾವತಿ ಕಣಿವೆಯ ಜನರಿಗೆ ಮಾತ್ರ ಅದು ನಡೆದ ಸಂಗತಿ.

ಅಣೆಕಟ್ಟಿನ ಕಚೇರಿಯ ಬೆರಳಚ್ಚುಗಾರ ಯಾವುದನ್ನೂ ನಿರ್ಧರಿಸುವುದಿಲ್ಲ. ಆದರೆ ನಿರ್ಧಾರವಾದುದೆಲ್ಲ ಅವನ ಬೆರಳುಗಳ ಮೂಲಕವೇ ಹೊರಗೆ ಹೋಗುತ್ತದೆ. ಮೂರು ಕಾರ್ಬನ್ ಪ್ರತಿ ತೆಗೆಯುವಾಗ ಹಳ್ಳಿಯ ಹೆಸರು ಮೂರು ಸಲ ಕಣ್ಣಿಗೆ ಬೀಳುತ್ತದೆ. ಆ ಕಾಲದ ಭೂಸ್ವಾಧೀನ ಕ್ರಮ 1894ರ ಕಾಯಿದೆಯ ಮಾದರಿಯಲ್ಲಿ ನಡೆಯುತ್ತಿದ್ದುದು. ಜಮೀನಿಗೆ ಇಷ್ಟು, ನಿಂತ ಪೈರಿಗೆ ಇಷ್ಟು, ಮರಗಳಿಗೆ ಇಷ್ಟು, ಕಟ್ಟಡಕ್ಕೆ ಇಷ್ಟು ಎಂದು ಅಂಕಣಗಳನ್ನು ಹಾಕುವುದು ಅದರ ರೀತಿ. ಚೌಡಿಯ ಕಲ್ಲಿಗೆ ಅಲ್ಲಿ ಅಂಕಣವಿಲ್ಲ. ತಲೆತಲಾಂತರದಿಂದ ಒಂದು ಕುಟುಂಬದ ಜಮೀನಿನಲ್ಲಿ ದುಡಿದು, ಸ್ವಂತ ಹೆಸರಿನಲ್ಲಿ ಪಹಣಿ ಇಲ್ಲದ ಕೂಲಿಯವನಿಗೂ ಹೆಚ್ಚುಕಡಿಮೆ ಇಲ್ಲ. ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳನ್ನು ಕಡತದಲ್ಲಿ ಅಂಕಣವಿಲ್ಲದ ಸಂಗತಿಗಳ ದಾಖಲೆ ಎಂದು ಓದಿದರೆ ಅವುಗಳ ರಚನೆ ಸ್ಪಷ್ಟವಾಗುತ್ತದೆ. ಸಂತ್ರಸ್ತರ ಪರವಾಗಿ ಅಲ್ಲಿ ಭಾಷಣವಿಲ್ಲ. ನೀರು ಎಲ್ಲಿಯವರೆಗೆ ಬಂತು, ಯಾರು ಹೊರಟರು, ಯಾರು ಉಳಿದರು, ಯಾರ ಮನೆಯ ಯಾವ ಸಾಮಾನು ಹೋಯಿತು ಎಂಬ ಲೆಕ್ಕ ಇದೆ. ಲೆಕ್ಕವಿಡುವ ಈ ಕ್ರಮವನ್ನು ಕಚೇರಿಯಿಂದಲೇ ಕಲಿತು ಅವರು ಕಚೇರಿಯ ಎದುರಿಗೆ ಹಿಡಿದರು.

‘ದ್ವೀಪ’ದ ವಸ್ತು ಎಲ್ಲರೂ ಬಲ್ಲದ್ದು. ಹಿನ್ನೀರು ಏರುತ್ತಿರುವ ಹೊಸಮನಹಳ್ಳಿಯಲ್ಲಿ ಗಣಪಯ್ಯ, ನಾಗವೇಣಿ, ಮುದುಕ ದುಗ್ಗಜ್ಜ ಉಳಿದುಕೊಳ್ಳುತ್ತಾರೆ. ಪರಿಹಾರದ ಲೆಕ್ಕ ಮತ್ತು ಮಣ್ಣಿನ ನಂಟು ಎರಡರ ನಡುವೆ ಸಿಕ್ಕಿದ ಕುಟುಂಬ. ನೆರವಿಗೆಂದು ಬರುವ ಕೃಷ್ಣಯ್ಯನಿಂದ ದಾಂಪತ್ಯದಲ್ಲಿ ಸಂಶಯ ಮೂಡುತ್ತದೆ. ಕಾದಂಬರಿಯ ವೈಶಿಷ್ಟ್ಯವೆಂದರೆ ಹೊರಗಿನ ನೀರು ಏರಿದ ಹಾಗೆಲ್ಲ ಒಳಗಿನ ಮನುಷ್ಯ ಕುಗ್ಗುವುದನ್ನು ಒಂದೇ ಮಳೆಗಾಲದಲ್ಲಿ ಹಿಡಿದಿರುವುದು. ಇದೊಂದು ಹವ್ಯಕ ಮನೆ. ಅದನ್ನು ಬರೆದವರು ಕ್ಯಾಥೊಲಿಕರು. ಅಡಿಗೆಮನೆಯ ಮಾತು, ತೋಟದ ಕೆಲಸ, ಮಡಿಯ ಅಳುಕು ಇವುಗಳನ್ನು ನೆರೆಯವನಾಗಿ ಕಂಡು ಕೇಳಿ ಬರೆಯುವಾಗ ಎರಡು ಅಪಾಯಗಳಿರುತ್ತವೆ: ಒಂದು ಅತಿಯಾದ ಗೌರವ, ಇನ್ನೊಂದು ವ್ಯಂಗ್ಯ. ಡಿಸೋಜ ಎರಡರಿಂದಲೂ ತಪ್ಪಿಸಿಕೊಂಡಿರುವುದು ಅವರ ನೆರೆಹೊರೆಯ ದೀರ್ಘ ರೂಢಿಯಿಂದಲೇ ಇರಬೇಕು. ಸಣ್ಣ ಊರಿನಲ್ಲಿ ಹತ್ತು ಮನೆಗಳ ಸಮುದಾಯಕ್ಕೆ ಸೇರಿದವನಿಗೆ ಉಳಿದವರ ಮನೆಗಳ ಪದ್ಧತಿ ತಿಳಿದಿರುವುದು ಪಾಂಡಿತ್ಯವಲ್ಲ, ದಿನನಿತ್ಯದ ಅಗತ್ಯ. ಯಾರ ಜಗಲಿಯ ಮೇಲೆ ಎಲ್ಲಿಯವರೆಗೆ ಕೂರಬೇಕು ಎಂಬುದು ಗೊತ್ತಿರಲೇಬೇಕು.

ಬರವಣಿಗೆಯ ವೇಳೆಯ ಬಗ್ಗೆ ಒಂದು ಮಾತು. ಪೂರ್ಣಾವಧಿ ಲೇಖಕನೆಂಬ ವರ್ಗ ಕನ್ನಡದಲ್ಲಿ ಎಂದೂ ದೊಡ್ಡದಾಗಿರಲಿಲ್ಲ. ಅಧ್ಯಾಪಕರಿಗೆ ರಜೆಗಳಿದ್ದವು, ಗ್ರಂಥಾಲಯವಿತ್ತು, ಸಹೋದ್ಯೋಗಿಗಳಲ್ಲಿ ಓದುಗರಿದ್ದರು. ವರ್ಗಾವಣೆಯಾಗುತ್ತ ಯೋಜನಾ ಕಾಲೊನಿಗಳಲ್ಲಿ ಸಂಸಾರ ಹೂಡುವ ಗುಮಾಸ್ತನಿಗೆ ಉಳಿಯುವುದು ಕಚೇರಿಯ ಆಚೀಚಿನ ಹೊತ್ತು ಮತ್ತು ಭಾನುವಾರ. ಕ್ರೈಸ್ತನಾದವನಿಗೆ ಭಾನುವಾರದ ಬೆಳಗೂ ಪೂಜೆಗೆ ಸಲ್ಲುತ್ತದೆ. ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’ ಪತ್ರಿಕೆಯಲ್ಲಿ ಮೊದಲ ಕತೆಗಳು ಅಚ್ಚಾದಂದಿನಿಂದ ಡಿಸೋಜ ಅವರು ಪತ್ರಿಕೆಗಳ ಲೇಖಕರಾಗಿಯೇ ಬೆಳೆದರು. ವಾರಪತ್ರಿಕೆಯ ಪುಟ, ಅದರ ಗಡುವು, ಮುಂದಿನ ಕಂತಿಗೆ ಓದುಗನನ್ನು ಕಾಯಿಸುವ ತಂತ್ರ ಇವುಗಳಿಂದ ಅವರ ಕೆಲವು ಕಾದಂಬರಿಗಳಿಗೆ ಓಟ ಬಂದಿದೆ, ಕೆಲವಕ್ಕೆ ಅವಸರವೂ ಬಂದಿದೆ. ಅವರು ಬರೆದುದೆಲ್ಲ ಒಂದೇ ತೂಕದ್ದಲ್ಲ. ಮೂರೂವರೆ ದಶಕಗಳ ಸರ್ಕಾರಿ ಸೇವೆಯ ನಡುವೆ ಇಷ್ಟೊಂದು ಕಾದಂಬರಿ, ಕತೆ, ನಾಟಕ, ಮಕ್ಕಳ ಪುಸ್ತಕಗಳನ್ನು ಬರೆದವರಲ್ಲಿ ಅದು ಸಹಜ. ನವ್ಯದ ವಿಮರ್ಶೆ ಅವರನ್ನು ‘ಜನಪ್ರಿಯ’ ಎಂಬ ಸಾಲಿನಲ್ಲಿ ಕೂರಿಸಿ ಬಹುಕಾಲ ಮುಟ್ಟದೆ ಬಿಟ್ಟುದಕ್ಕೆ ಈ ವೈಪುಲ್ಯವೂ ಒಂದು ಕಾರಣ. ಅದು ನ್ಯಾಯವಾದ ಕಾರಣವಲ್ಲ.

ಸಿನಿಮಾ ಅವರಿಗೆ ಹೊಸ ಓದುಗರನ್ನು ತಂದಿತು. ಸುರೇಶ್ ಹೆಬ್ಳೀಕರ್ ಅವರ ‘ಕಾಡಿನ ಬೆಂಕಿ’ (1988) ಮತ್ತು ಗಿರೀಶ ಕಾಸರವಳ್ಳಿ ಅವರ ‘ದ್ವೀಪ’ (2002) ಅವರ ಕಾದಂಬರಿಗಳನ್ನು ಆಧರಿಸಿದವು. ಎರಡನೆಯದು ಸ್ವರ್ಣಕಮಲ ಪಡೆಯಿತು. ಕಾಸರವಳ್ಳಿ ನಾಗವೇಣಿಯನ್ನು ಕೇಂದ್ರಕ್ಕೆ ತಂದು ಕತೆಯ ತೂಕವನ್ನೇ ಬದಲಿಸಿದರು. ಮೂಲವನ್ನು ಓದದೆ ಚಿತ್ರವನ್ನಷ್ಟೇ ನೋಡಿ ಕಾದಂಬರಿಯ ಬಗ್ಗೆ ಬರೆಯುವ ರೂಢಿ ಅಲ್ಲಿಂದ ಆರಂಭವಾಯಿತು. 2013ರಲ್ಲಿ ಸುಶೀಲಾ ಪುನೀತಾ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಹೊರಗಿನವರಿಗಾದರೂ ಪಠ್ಯವೇ ಮುಂದೆ ಬಂದಿದೆ.

‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕೃತಿಯಲ್ಲಿ ಅವರು ಕೊನೆಗೂ ತಮ್ಮವರ ಕಡೆಗೆ ತಿರುಗಿದರು. ಘಟ್ಟದ ಕೆಳಗಿನಿಂದ ಬಂದ ಕ್ರೈಸ್ತ ಕುಟುಂಬಗಳು ಮಲೆನಾಡಿನ ಊರೊಂದರಲ್ಲಿ ನೆಲೆಯೂರುವ ಈ ಕತೆಯನ್ನು ಸಮುದಾಯದ ಹೆಮ್ಮೆಯ ಚರಿತ್ರೆಯಾಗಿ ಬರೆಯುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಮುಳುಗಡೆಯ ಕಾದಂಬರಿಗಳಲ್ಲಿ ಬಿಟ್ಟು ಹೋಗುವವರನ್ನು ಕಂಡ ಕಣ್ಣೇ ಇಲ್ಲಿ ಬಂದು ಸೇರುವವರನ್ನೂ ಕಾಣುತ್ತದೆ: ಮೊದಲ ಮನೆ ಎಲ್ಲಿ, ಕುಡಿಯುವ ನೀರು ಎಲ್ಲಿಂದ, ಸತ್ತವರನ್ನು ಎಲ್ಲಿ ಹೂಳುವುದು ಎಂಬ ಪ್ರಶ್ನೆಗಳು ಎರಡೂ ಬಗೆಯ ಜನರವು. ಈ ಸಾಮ್ಯದ ಕಡೆಗೆ ಸಂಶೋಧನೆ ಇನ್ನೂ ಸಾಕಷ್ಟು ಗಮನ ಹರಿಸಿಲ್ಲ.

2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜ ಅವರು ಅಧ್ಯಕ್ಷರಾದರು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ, 82ರ ವಯಸ್ಸಿನಲ್ಲಿ ಅದರ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿ ನಿಂತರು. ಅಣೆಕಟ್ಟಿನ ಕಚೇರಿಯ ಹಳೆಯ ಬೆರಳಚ್ಚುಗಾರ ಅದೇ ಅಣೆಕಟ್ಟಿನ ನೀರಿಗಾಗಿ ಬೀದಿಗಿಳಿದದ್ದು ವಿರೋಧಾಭಾಸದಂತೆ ಕಾಣಬಹುದು. ಆ ನೀರು ಯಾರ ಅಂಗಳದ ಮೇಲೆ ನಿಂತಿದೆ ಎಂಬುದನ್ನು ಹಳ್ಳಿಯ ಹೆಸರುಗಳ ಸಮೇತ ಬಲ್ಲವರಿಗೆ ಹಾಗೆ ಕಾಣುವುದಿಲ್ಲ. ಆ ಅಂಗಳಗಳಿಂದ ಎದ್ದು ಅರಣ್ಯಭೂಮಿಯಲ್ಲಿ ಪುನರ್ವಸತಿ ಪಡೆದವರ ಮನೆಗಳಿಗೆ ಹಕ್ಕುಪತ್ರದ ಪ್ರಶ್ನೆ ಬಗೆಹರಿಯದೆ 2022ರಲ್ಲಿಯೂ ಶಿವಮೊಗ್ಗ ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದವು.

2025ರ ಜನವರಿ 5ರಂದು ಡಿಸೋಜ ಅವರು ಮಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಕಟ್ಟಿದ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಆ ದಡದ ಜನ ಲಾಂಚಿಗಾಗಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹಳೆಯ ಮರಗಳ ಬೊಡ್ಡೆಗಳು ಈಗಲೂ ಮೇಲೆ ಕಾಣುತ್ತವೆ. ನೀರು ತೀರ ಕಡಿಮೆಯಾದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೂ ಹೊರಬರುತ್ತದೆ.