ಮರೆಯುತ್ತಿದ್ದೇನೆ ಎಂದು ಗೊತ್ತಾಗುವ ಕಾಲ

ಆಗಸ್ಟ್ ತಿಂಗಳಲ್ಲಿ ಪಿರಿಯಾಪಟ್ಟಣ, ಹುಣಸೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದಿರುತ್ತಾರೆ. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿರುತ್ತದೆ. ಐದಾರು ದಿನ ಒಲೆ ಆರುವಂತಿಲ್ಲ, ಕಾವನ್ನು ಹಂತ ಹಂತವಾಗಿ ಏರಿಸಬೇಕು. ಹದ ತಪ್ಪಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ.

ನಲವತ್ತು ವರ್ಷ ಈ ಕೆಲಸ ಮಾಡಿದ ಒಬ್ಬ ರೈತರನ್ನು ಕಣ್ಣಮುಂದೆ ತಂದುಕೊಳ್ಳಿ. ಥರ್ಮಾಮೀಟರ್ ನೋಡುವ ಮೊದಲೇ ವಾಸನೆಯಲ್ಲಿ ಹದ ಹೇಳುತ್ತಿದ್ದವರು. ಈ ವರ್ಷ ಅವರು ಸೌದೆ ಹಾಕಿದಾಗಲೆಲ್ಲ ಇದ್ದಿಲಿನಿಂದ ಗೋಡೆಗೆ ಒಂದು ಗೀಟು ಎಳೆಯುತ್ತಿದ್ದಾರೆ. ಹಾಕಿದೆನೋ ಇಲ್ಲವೋ ಎಂಬುದು ಮನಸ್ಸಿನಲ್ಲಿ ನಿಲ್ಲುತ್ತಿಲ್ಲ. ಸೊಪ್ಪು ಮಾತ್ರ ಎಂದಿನಂತೆ ಚೆನ್ನಾಗಿಯೇ ಬೆಂದಿದೆ. ಏನೋ ಜಾರುತ್ತಿದೆ ಎಂಬುದು ಅವರೊಬ್ಬರಿಗೇ ಗೊತ್ತು. ಒಂದು ಸಂಜೆ ಧೈರ್ಯ ಮಾಡಿ ಮಗನ ಹತ್ತಿರ ಹೇಳಿಕೊಂಡರೆ ಬರುವ ಉತ್ತರ: ‘ಬುಡಪ್ಪೋ, ವಯಸ್ಸಾದ್ಮೇಲೆ ಎಲ್ರಿಗೂ ಅಷ್ಟೆಯ.’

ಮಗ ಕೆಟ್ಟವನಲ್ಲ, ಧೈರ್ಯ ತುಂಬಲೆಂದೇ ಹಾಗಂದ. ಆದರೆ ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ಹಿರಿಯರ ಎಷ್ಟೋ ಮಾತನ್ನು ಹೀಗೆ ಅರ್ಧಕ್ಕೇ ನಿಲ್ಲಿಸಿದೆ. ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಎಂಬುದಕ್ಕಾಗಿಯೇ ಈ ಅಧ್ಯಾಯ.

ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದು, ತನ್ನ ನೆನಪು ಮೊದಲಿನಂತಿಲ್ಲ ಎಂದು ವ್ಯಕ್ತಿಗೇ ಅನ್ನಿಸುವ ಸ್ಥಿತಿಗೆ ವೈದ್ಯರು ‘ಸಬ್ಜೆಕ್ಟಿವ್ ಕಾಗ್ನಿಟಿವ್ ಡಿಕ್ಲೈನ್’ ಎನ್ನುತ್ತಾರೆ. 2014ರಲ್ಲಿ ಜರ್ಮನಿಯ ಫ್ರಾಂಕ್ ಯೆಸೆನ್ ಮತ್ತು ಸಂಗಡಿಗರು ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ನಾವಿಲ್ಲಿ ‘ತಾನೇ ಕಂಡ ಮರೆವು’ ಅನ್ನೋಣ. ಇದರ ಮುಂದಿನ ಹಂತದಲ್ಲಿ ಪರೀಕ್ಷೆಯಲ್ಲೂ ಕೊರತೆ ಕಾಣುತ್ತದೆ, ಆದರೂ ದಿನದ ಬದುಕು ನಡೆಯುತ್ತದೆ. ಅಡುಗೆ, ಹಣದ ಲೆಕ್ಕ, ಮನೆಯ ದಾರಿ ಕೈಬಿಟ್ಟುಹೋದಾಗ ಅದು ಡಿಮೆನ್ಷಿಯಾ. ಆ ಹೊತ್ತಿಗೆ ಎಷ್ಟೋ ಮಂದಿಗೆ ತಾನು ಮರೆಯುತ್ತಿದ್ದೇನೆ ಎಂಬ ಅರಿವೇ ಮಸುಕಾಗಿರುತ್ತದೆ. ಮನೆಯವರು ದೂರುತ್ತಾರೆ, ಅವರು ‘ನಂಗೇನಾಗದೆ?’ ಅನ್ನುತ್ತಾರೆ. ಹಾಗಾಗಿ ‘ಮರೀತಿದ್ದೀನಿ’ ಎಂದು ಅವರೇ ಹೇಳುವ ಕಾಲ ಬಹಳ ಬೆಲೆಯುಳ್ಳದ್ದು.

ಹೆದರಿಸಲು ಹೇಳುತ್ತಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹೀಗೆ ಹೇಳಿಕೊಂಡ 100 ಹಿರಿಯರಲ್ಲಿ ವರ್ಷಕ್ಕೆ ಸುಮಾರು ಇಬ್ಬರು ಡಿಮೆನ್ಷಿಯಾಕ್ಕೆ ತಿರುಗುತ್ತಾರೆ. ದೂರು ಇಲ್ಲದವರಲ್ಲಿ ಒಬ್ಬರು. ಮಿಕ್ಕ ಬಹುಪಾಲು ಜನ ಹಾಗೆಯೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುವುದು, ಕನ್ನಡಕ ಹುಡುಕುವುದು ಸಾಮಾನ್ಯ. ಅರವತ್ತು ದಾಟಿದ ಮೇಲೆ, ಕಳೆದ ಕೆಲವೇ ವರ್ಷಗಳಲ್ಲಿ ಶುರುವಾಗಿ, ಓರಗೆಯವರಿಗಿಂತ ನನಗೇ ಹೆಚ್ಚು ಎಂಬ ಚಿಂತೆ ಹತ್ತಿ, ಹತ್ತಿರದವರೂ ಅದನ್ನು ಗಮನಿಸಿದ್ದರೆ ಆಗ ಕಡೆಗಣಿಸಬಾರದು.

ನಮ್ಮ ಹಳ್ಳಿಗಳಲ್ಲಿ ಅಳೆಯುವುದೇ ಕಷ್ಟ. ಗಡಿಯಾರ ಬರೆಯಿರಿ, ಇವತ್ತು ತಾರೀಖು ಎಷ್ಟು ಎಂದು ಕೇಳುವ ಪರೀಕ್ಷೆಗಳು ಪೆನ್ಸಿಲ್ ಹಿಡಿದವರಿಗಾಗಿ ಹುಟ್ಟಿದವು. ಹೆಗ್ಗಡದೇವನಕೋಟೆಯ ಹಾಡಿಯ ಹಿರಿಯರ ವಯಸ್ಸು ತಿಳಿಯಬೇಕಾದರೆ, 1974ರಲ್ಲಿ ಮುಗಿದ ಕಬಿನಿ ಕಟ್ಟೆ ಕಟ್ಟುವಾಗ ನೀವು ಎಷ್ಟು ದೊಡ್ಡವರಿದ್ರಿ ಎಂದು ಕೇಳುವುದೇ ಸರಿ. ಓದುಬರಹ ಇಲ್ಲದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ಒಂದು ಪ್ರಶ್ನಾವಳಿ ರೂಪುಗೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಲಕರಣೆ ಈಗ ಕನ್ನಡದಲ್ಲೂ ಇದೆ.

ಆದರೂ ಕೃಷ್ಣರಾಜನಗರದ ಕಡೆಯ ಒಬ್ಬ ಸೋಬಾನೆ ಅಜ್ಜಿಯ ತಲೆಯೊಳಗೆ ಇರುವುದನ್ನು ಯಾವ ಪರೀಕ್ಷೆ ಅಳೆದೀತು? ಅಕ್ಷರ ಬಾರದು, ಚಪ್ಪರದ ಪದದಿಂದ ಹೆಣ್ಣೊಪ್ಪಿಸುವ ಪದದವರೆಗೆ ಬಾಯಲ್ಲೇ ಇದೆ. ಮುಂದಿನ ಸಾಲಿಗಾಗಿ ಪಕ್ಕದವಳ ಮುಖ ನೋಡಬೇಕಾಗಿ ಬಂದ ದಿನ ಅವರಿಗೆ ತಿಳಿದುಬಿಡುತ್ತದೆ. ಆಸ್ಪತ್ರೆಯ ಹಾಳೆಯಲ್ಲಿ ಅವರಿಗೆ ಮೊದಲೂ ಕಡಿಮೆ ಅಂಕ, ಈಗಲೂ ಕಡಿಮೆ ಅಂಕ. ನಿನ್ನೆಯ ತನ್ನನ್ನು ಇಂದಿನ ತನ್ನ ಪಕ್ಕಕ್ಕಿಟ್ಟು ನೋಡಬಲ್ಲವರು ಅವರೇ. ಹಾಗಾಗಿ ಅವರ ಮಾತನ್ನೇ ಮೊದಲ ಸಾಕ್ಷಿ ಎಂದು ನಾನು ಒಪ್ಪುತ್ತೇನೆ.

ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದರ ಬೇರು ಹುಡುಕಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು, ಅಂದು ಹುಟ್ಟಿದ ಕೂಸುಗಳ ಮುಪ್ಪಿನ ನೆನಪಿನ ಶಕ್ತಿಯನ್ನೂ ಅಧ್ಯಯನ ಮಾಡಿದ್ದಾರೆ.

ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇವೆ. ಬಿ12 ಕೊರತೆ (ಶುಗರಿಗೆ ಮೆಟ್‌ಫಾರ್ಮಿನ್ ಬಹುಕಾಲ ನುಂಗಿದವರಲ್ಲಿ ಇದು ಬರಬಹುದು), ಥೈರಾಯ್ಡ್, ನಿದ್ದೆಗೇಡು, ಕುಡಿತ, ಮಂಪರು ಬರಿಸುವ ನೆಗಡಿ ಮಾತ್ರೆ, ಜೊತೆಗಾರರು ಹೋದ ಮೇಲೆ ಒಳಗೇ ಕುಗ್ಗಿದ ಮನಸ್ಸು. ಕಿವಿಯನ್ನು ನಾವು ಮರೆತೇಬಿಡುತ್ತೇವೆ. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ 14 ಅಪಾಯಗಳಲ್ಲಿ ಕಿವಿಮಂದವೂ ಒಂದು, ಬಿ.ಪಿ., ಶುಗರ್, ಬೀಡಿ ಸಿಗರೇಟು, ಒಂಟಿತನ ಕೂಡ ಅದರಲ್ಲಿವೆ. ಈ 14ನ್ನೂ ತಡೆದರೆ ಹತ್ತಿರ ಹತ್ತಿರ ಅರ್ಧದಷ್ಟು ಡಿಮೆನ್ಷಿಯಾವನ್ನು ತಪ್ಪಿಸಬಹುದು, ಇಲ್ಲವೇ ಮುಂದೂಡಬಹುದು ಎಂದು ಆಯೋಗ ಅಂದಾಜಿಸಿದೆ.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದರೆ ಸಾಕು. ಹಿರಿಯರೊಬ್ಬರನ್ನೇ ಕಳಿಸಬೇಡಿ, ದಿನವೂ ಜೊತೆಗಿರುವವರು ಹೋಗಿ. ಆದರೆ ಅವರ ಪರವಾಗಿ ಮಾತು ಶುರು ಮಾಡಬೇಡಿ, ಅವರೇ ಹೇಳಲಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಅಂಗಡಿಯಿಂದ ಬಿಡಿಯಾಗಿ ತಂದದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಬ್ಯಾರನ್ ಗೋಡೆಯ ಮೇಲೆ ಗೀಟುಗಳು ಕಂಡಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.