ದುಡ್ಡು ಮೊದಲು, ಪ್ರಶ್ನೆ ಆಮೇಲೆ

ಸರಿಯಾದ ಉತ್ತರ ಹೇಳಿದ್ರೆ ದುಡ್ಡು. ಕ್ವಿಜ್ ಶೋ ಅಂದ್ರೆ ಸಾಮಾನ್ಯವಾಗಿ ಇಷ್ಟೇ ಅಲ್ವಾ? ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ 2010ರ ಡಿಸೆಂಬರ್‌ಗೆ ಶುರುವಾದ ‘ಮಿಲಿಯನ್ ಡಾಲರ್ ಮನಿ ಡ್ರಾಪ್’ ಇದನ್ನ ಉಲ್ಟಾ ಮಾಡ್ತು. ಆಡೋಕೆ ಬಂದ ಜೋಡಿಯ ಮುಂದೆ ಮೊದಲೇ ಹತ್ತು ಲಕ್ಷ ಡಾಲರ್ ನಗದು! ಇಪ್ಪತ್ತು ಸಾವಿರ ಡಾಲರ್‌ನ ಕಟ್ಟು 50. ಕೊನೆಗೆ ಎಷ್ಟು ಉಳಿಯುತ್ತೋ ಅಷ್ಟು ನಿಮ್ಮದು.

ಪ್ರಶ್ನೆ ಏಳೇ. ಒಂದೊಂದು ಉತ್ತರಕ್ಕೂ ಕೆಳಗೆ ತೆರೆದುಕೊಳ್ಳೋ ಒಂದೊಂದು ಬಾಗಿಲು. 60 ಸೆಕೆಂಡಲ್ಲಿ ಕಟ್ಟುಗಳನ್ನ ಕೈಯಾರೆ ಹೊತ್ತು ಸರಿ ಅನ್ನಿಸಿದ ಬಾಗಿಲ ಮೇಲೆ ಜೋಡಿಸ್ಬೇಕು. ತಪ್ಪು ಉತ್ತರದ ಬಾಗಿಲು ತೆರೀತಂದ್ರೆ ಅದರ ಮೇಲಿನ ದುಡ್ಡು ಹೋಯ್ತು. ಅನುಮಾನ ಇದ್ರೆ ಹಂಚಿ ಇಡಿ, ಪರವಾಗಿಲ್ಲ. ಆದ್ರೆ ಒಂದು ಬಾಗಿಲಾದ್ರೂ ಖಾಲಿ ಇರ್ಲೇಬೇಕು. ಮೊದಲ ಮೂರು ಪ್ರಶ್ನೆಗೆ ನಾಲ್ಕು ಬಾಗಿಲು, ಮುಂದಿನ ಮೂರಕ್ಕೆ ಮೂರು. ಕೊನೆಯದಕ್ಕೆ ಎರಡೇ! ಅಂದ್ರೆ ಹಂಚೋ ಮಾತೇ ಇಲ್ಲ, ಉಳಿದದ್ದೆಲ್ಲ ಒಂದೇ ಕಡೆ. ನನ್ನ ಕೇಳಿದ್ರೆ, ಆಟದ ಕ್ರೌರ್ಯ ಇರೋದೇ ಇಲ್ಲಿ.

ಶುರುವಲ್ಲೇ ಎಡವಟ್ಟು. ಮ್ಯಾಕ್ ಕಂಪ್ಯೂಟರ್, ಸೋನಿ ವಾಕ್‌ಮನ್, ಪೋಸ್ಟ್-ಇಟ್ ಚೀಟಿ: ಮೊದಲು ಮಾರಾಟಕ್ಕೆ ಬಂದದ್ದು ಯಾವುದು? ಒಂದು ಜೋಡಿ ಪೋಸ್ಟ್-ಇಟ್ ಮೇಲೆ ಎಂಟು ಲಕ್ಷ ಡಾಲರ್ ಇಟ್ರು. ಬಾಗಿಲು ತೆರೀತು, ದುಡ್ಡು ಪಾತಾಳಕ್ಕೆ. ಉತ್ತರ ವಾಕ್‌ಮನ್ ಅಂತೆ! ವಾಕ್‌ಮನ್ ಬಂದದ್ದು 1979ರಲ್ಲಿ. ಆ ಚೀಟಿಗಳನ್ನ ನಾಲ್ಕು ಊರುಗಳಲ್ಲಿ ಪ್ರಯೋಗಕ್ಕೆ ಅಂತ ಮಾರಿದ್ದು 1977ರಲ್ಲೇ. ವೀಕ್ಷಕರು ಬಿಡ್ತಾರಾ? ಗಲಾಟೆ ಆಯ್ತು. ಆ ಜೋಡಿಯನ್ನ ಮತ್ತೆ ಆಡೋಕೆ ಕರೆದ್ರು. ಅಷ್ಟರಲ್ಲಿ, 2011ರಲ್ಲಿ, ಒಂದೇ ಸೀಸನ್‌ಗೆ ಶೋನೇ ಬಂದ್.